ಎರಡು ಮುಳ್ಳು ಒಟ್ಟಿಗೆ ಏರಿದರೆ…

ಹಳೆ ಕಾರು ಇಟ್ಟುಕೊಂಡವರಿಗೆ ಡ್ಯಾಶ್‌ಬೋರ್ಡಿನ ಮುಳ್ಳು ಸುಳ್ಳು ಹೇಳುವುದು ಹೊಸ ಸಂಗತಿಯಲ್ಲ. ‘ಅದು ಇರುವುದೇ ಹಾಗೆ’ ಎಂದು ಬಿಟ್ಟುಬಿಡುತ್ತೇವೆ. ನಾನೂ ಬಿಟ್ಟಿದ್ದೆ. ಆ ಸಸಾರಕ್ಕೆ ಒಂದು ಹೆಡ್ ಗ್ಯಾಸ್ಕೆಟ್ ಹೋಯಿತು. ಹಾಳಾಗಿದ್ದದ್ದು ಮಾತ್ರ ಒಂದು ಸ್ಕ್ರೂವಿನ ಬುಡ.

ಒಂದು ಮಳೆಗಾಲ ಕಳೆದ ಮೇಲೆ ನಮ್ಮ ಕಾರಿನ ಶಾಖದ ಮುಳ್ಳು ಕೆಂಪು ಗೆರೆಯ ಹತ್ತಿರವೇ ನಿಲ್ಲತೊಡಗಿತು. ವರ್ಕ್‌ಶಾಪಿನಲ್ಲಿ ಥರ್ಮೋಸ್ಟಾಟ್ ಬದಲಿಸಿದರು, ರೇಡಿಯೇಟರ್ ತೊಳೆದರು. ಮುಳ್ಳು ಇಳಿಯಲಿಲ್ಲ. ನೀರು ಕುದಿಯುತ್ತಿರಲಿಲ್ಲ, ಹಾಗಾಗಿ ಮೀಟರೇ ಸರಿ ಇಲ್ಲ ಎಂದು ಸುಮ್ಮನಾದೆ. ಮುಂದೊಂದು ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಗುಡ್ಡೆಯ ತಿರುವಿನಲ್ಲಿ ಕಾರು ನಿಂತಿತು. ಮೀಟರಿನಲ್ಲಿ ಕಾಲು ಟಾಂಕಿ ಪೆಟ್ರೋಲು. ಟಾಂಕಿಯಲ್ಲಿ ಏನೂ ಇಲ್ಲ! ಹಿಂದಿನಿಂದ ಬಂದ ಪಿಕಪ್‌ನವರು ಅಮ್ಮನನ್ನು ತಲುಪಿಸಿದರು. ಅದಾಗಿ ತಿಂಗಳೊಳಗೆ ನೀರಿನ ಪೈಪು ಒಡೆದು ಇಂಜಿನ್ ನಿಜವಾಗಿಯೇ ಕಾದಾಗ, ಮುಳ್ಳು ಹೇಗೂ ಸುಳ್ಳು ಎಂದು ನಾನು ಓಡಿಸುತ್ತಲೇ ಇದ್ದೆ. ಗ್ಯಾಸ್ಕೆಟ್ ಹೋದದ್ದು ಆಗ.

ಕೊನೆಗೆ ಹಿರಿಯ ಎಲೆಕ್ಟ್ರೀಶಿಯನ್ ಒಬ್ಬರು ಬಾನೆಟ್ ತೆರೆಯುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: “ಎರಡೂ ಮುಳ್ಳು ಇರಬೇಕಾದ್ದಕ್ಕಿಂತ ಮೇಲೆ ಉಂಟಾ ಮಾರಾಯ್ರೇ?” ಎರಡಕ್ಕೂ ಸಂಬಂಧ ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ.

ಸಂಬಂಧ ಹೀಗೆ. ಕೀ ತಿರುಗಿಸಿದ ಮೇಲೆ ಮುಳ್ಳು ನಿಧಾನಕ್ಕೆ ಏರುವ ಮೀಟರಿನೊಳಗೆ ಎರಡು ಲೋಹ ಸೇರಿಸಿದ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಸುತ್ತಿದ ತಂತಿ ಕರೆಂಟಿಗೆ ಬಿಸಿಯಾಗಿ ಪಟ್ಟಿ ಬಾಗುತ್ತದೆ, ಮುಳ್ಳು ಏರುತ್ತದೆ. ಬ್ಯಾಟರಿಯ ವೋಲ್ಟೇಜು ಹೆಚ್ಚುಕಡಿಮೆ ಆಗುವುದರಿಂದ ಮೀಟರಿಗೆ ಅದನ್ನು ನೇರ ಕೊಡುವುದಿಲ್ಲ. ಮಧ್ಯೆ ಬೆಂಕಿಪೆಟ್ಟಿಗೆಗಿಂತ ಸಣ್ಣ ಸ್ಟೆಬಿಲೈಸರ್ ಇಟ್ಟು, ಸರಾಸರಿ 10 ವೋಲ್ಟಿಗೆ ಇಳಿಸಿ, ಪೆಟ್ರೋಲು ಮತ್ತು ಶಾಖದ ಮೀಟರು ಎರಡಕ್ಕೂ ಕೊಡುತ್ತಾರೆ. ಈ ಸ್ಟೆಬಿಲೈಸರಿಗೆ ಅರ್ತ್ ಸಿಗದಿದ್ದರೆ ಅದು ಕೆಲಸ ನಿಲ್ಲಿಸಿ ಪೂರ್ತಿ ವೋಲ್ಟೇಜನ್ನೇ ಬಿಡುತ್ತದೆ. ಎರಡೂ ಮುಳ್ಳು ಮೇಲೆ! ನಮ್ಮದರಲ್ಲಿ ಅದನ್ನು ಹಿಡಿದ ಸ್ಕ್ರೂವಿನ ಬುಡ ಕಿಲುಬು ಹಿಡಿದಿತ್ತು. ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದರು. ಅಷ್ಟೇ ರಿಪೇರಿ. ಉಜ್ಜಿದ ಮೇಲೂ ಎರಡೂ ಮೇಲೆಯೇ ಇದ್ದರೆ ಅಥವಾ ಎರಡೂ ಏಳದೇ ಇದ್ದರೆ, ಸ್ಟೆಬಿಲೈಸರನ್ನೂ ಅದಕ್ಕೆ ಬರುವ ಫ್ಯೂಸನ್ನೂ ನೋಡಬೇಕು.

ಒಂದೇ ಮುಳ್ಳು ತಪ್ಪಿದರೆ ದಾರಿ ಬೇರೆ. ಆಗ ಸಂಶಯ ಟಾಂಕಿಯ ಫ್ಲೋಟಿನ ಮೇಲೆ, ಇಲ್ಲವೇ ಇಂಜಿನಿನಲ್ಲಿರುವ ಶಾಖದ ಸೆಂಡರಿನ ಮೇಲೆ. ಕೀ ಆಫ್ ಇರುವಾಗ ಸೆಂಡರಿನ ವಯರು ಕಳಚಿ ಬಾಡಿಯ ಹೊಳೆಯುವ ಲೋಹಕ್ಕೆ ಕಟ್ಟಿ. ಮತ್ತೆ ಒಳಗೆ ಕುಳಿತು ಕೀ ಹಾಕಿ. ಮುಳ್ಳು ಒಂದು ತುದಿಯತ್ತ ಹೊರಟರೆ ಮೀಟರು, ವಯರು ಸರಿ ಇವೆ. ಕೂಡಲೇ ಕೀ ತೆಗೆಯಿರಿ, ತುಂಬ ಹೊತ್ತು ಹಾಗೆ ಬಿಡಬಾರದು. ಇನ್ನು ತಪ್ಪು ಸೆಂಡರಿನದ್ದು ಅಥವಾ ಅದರ ಅರ್ತಿನದ್ದು. ಹೊಸ ಫ್ಲೋಟ್ ತರುವ ಮೊದಲು ಅದರ ಲೋಹದ ಭಾಗದಿಂದ ಚಾಸಿಗೆ ಒಂದು ವಯರು ಕೊಟ್ಟು ನೋಡಿ, ಖರ್ಚು ಉಳಿದೀತು. ಪೆಟ್ರೋಲು ವಾಸನೆ ಇದ್ದರೆ ಮಾತ್ರ ಟಾಂಕಿಯ ಹತ್ತಿರ ಇಂಥ ಯಾವ ಪ್ರಯೋಗವೂ ಬೇಡ.

ಹಳೆ ಕಾರಿನ ಎಲೆಕ್ಟ್ರಿಕಲ್ ತೊಂದರೆಗಳಲ್ಲಿ ಅರ್ತಿನದ್ದೇ ದೊಡ್ಡ ಪಾಲು. ಕರೆಂಟು ವಯರಿನಲ್ಲಿ ಬಂದು, ಬಾಡಿಯ ಮೂಲಕ ಬ್ಯಾಟರಿಗೆ ಮರಳಬೇಕು. ನಮ್ಮ ಮಳೆಗೆ ಬಾಡಿಯೇ ತುಕ್ಕು. ಇಂಡಿಕೇಟರ್ ಹಾಕಿದಾಗ ಅದೇ ಬದಿಯ ಹಿಂದಿನ ದೀಪವೂ ಜೊತೆಗೆ ಮಿಣುಕುತ್ತದೆಯೇ? ಬಲ್ಬ್ ಬದಲಿಸಬೇಡಿ, ದೀಪದ ಅರ್ತ್ ಉಜ್ಜಿ. ಇಂಜಿನಿನಿಂದ ಚಾಸಿಗೆ ಒಂದು ದಪ್ಪ ತಾಮ್ರದ ಪಟ್ಟಿ ಇರುತ್ತದೆ. ಇಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಈ ಪಟ್ಟಿ ಬೇಕೇಬೇಕು. ಅದು ಹರಿದರೆ ಸ್ಟಾರ್ಟರಿನ ಕರೆಂಟು ಚೋಕ್ ಅಥವಾ ಎಕ್ಸಿಲರೇಟರ್ ಕೇಬಲಿನಲ್ಲಿ ದಾರಿ ಹುಡುಕುತ್ತದೆ. ಸ್ಟಾರ್ಟ್ ಮಾಡುವಾಗ ಕೇಬಲ್ ಬಿಸಿಯಾಗುತ್ತಿದ್ದರೆ ಕಾರಣ ಇದೇ.

ಬ್ಯಾಟರಿ ನೋಡಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಕೀ ಹಾಕಿದಾಗ ಚಾರ್ಜಿನ ಕೆಂಪು ದೀಪ ಉರಿಯದಿದ್ದರೆ ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ಹಲವು ಆಲ್ಟರ್ನೇಟರುಗಳಿಗೆ ಮೊದಲ ಕರೆಂಟು ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟರೆ ಚಾರ್ಜೂ ಇಲ್ಲ.

ಇಂಜಿನ್ ಆಯಿಲಿನ ಕೆಂಪು ದೀಪದ ವಿಷಯ ಪ್ರತ್ಯೇಕ. ವಯರು ಬಾಡಿಗೆ ತಾಗಿದರೂ ಅದು ಉರಿಯುತ್ತದೆ, ನಿಜ. ಆದರೆ ಓಡುವಾಗ ಉರಿದರೆ ಮೊದಲು ಇಂಜಿನ್ ನಿಲ್ಲಿಸಿ, ಕಡ್ಡಿ ಎಳೆದು ಆಯಿಲ್ ನೋಡಿ. ಆಯಿಲ್ ಸರಿ ಇದ್ದರೂ ಪ್ರೆಶರ್ ನೋಡಿಸದೆ ಓಡಿಸಬಾರದು. ವಯರಿನ ವಿಚಾರ ಆಮೇಲೆ. ಶಾಖದ ಮುಳ್ಳು ಏರಿದಾಗಲೂ ಇದೇ ಕ್ರಮ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು.

ಫ್ಯೂಸು ಹೋದಾಗ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವ ಚಾಳಿ ನಮ್ಮಲ್ಲಿ ಇನ್ನೂ ಉಂಟು. ಫ್ಯೂಸು ಸುಡಬೇಕಾದ ಜಾಗದಲ್ಲಿ ವಯರು ಸುಟ್ಟೀತು. ಕೊಟ್ಟಿಗೆಯ ಬದಿಯಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ವಯರಿಗಾಗಿ ಡ್ಯಾಶ್‌ಬೋರ್ಡಿನ ಅಡಿಯನ್ನೂ ಟಾರ್ಚ್ ಹಾಕಿ ನೋಡಬೇಕು. ಕೈ ಹಾಕುವ ಮೊದಲು ಬ್ಯಾಟರಿಯ ಅರ್ತ್ ಕಡೆಯ ಟರ್ಮಿನಲ್ ಕಳಚಿ. ಹಳೆ ಕಾರುಗಳಿಗೆ ಮೀಟರು ಸಿಗುವುದು ಈಗ ಸುಲಭವಿಲ್ಲ. ಅಂಬಾಸಿಡರ್, ಮಾರುತಿ 800 ಎರಡರ ತಯಾರಿಯೂ 2014ರಲ್ಲೇ ನಿಂತಿತು. ನನ್ನ ಕಾರಿನ ಮೀಟರು ಮಾತ್ರ ಹಳತೇ ಇದೆ, ಅದಕ್ಕೇನೂ ಆಗಿರಲಿಲ್ಲ.