ಏಜಿಯನ್ ತೀರದಲ್ಲಿ ಹಾಯಿ ಕಾದವರು

ಗ್ರೀಸಿನ ರಾಜಧಾನಿಯಾದ ಅಥೆನ್ಸಿನಿಂದ ದಕ್ಷಿಣಕ್ಕೆ ಸುಮಾರು ೭೦ ಕಿಲೋಮೀಟರು ಸಾಗಿದರೆ ಸೂನಿಯನ್ ಎಂಬ ಭೂಶಿರದಲ್ಲಿ ನೆಲವು ಮುಗಿಯುತ್ತದೆ. ಅಲ್ಲಿಯ ಬಂಡೆಯ ನೆತ್ತಿಯಲ್ಲಿ, ಕ್ರಿಸ್ತಪೂರ್ವ ಐದನೆಯ ಶತಮಾನದ ಗುಡಿಯೊಂದರ ಅಮೃತಶಿಲೆಯ ಕಂಬಗಳು ಇಂದಿಗೂ ನಿಂತಿವೆ. ವರುಣನಂತೆ ಕಡಲಿಗೆ ಒಡೆಯನಾದ ಪೊಸೈಡನ್ ದೇವತೆಯ ಗುಡಿ ಅದು. ಸಂಜೆಯ ಬಿಸಿಲಿಗೆ ಕಂಬಗಳು ಹೊಂಬಣ್ಣ ತಾಳುತ್ತಿದ್ದಂತೆ ಕೆಳಗೆ ಏಜಿಯನ್ ಸಮುದ್ರದ ನೀಲಿಯು ಮೆಲ್ಲನೆ ನೇರಳೆಗೆ ತಿರುಗುತ್ತದೆ. ಅದನ್ನು ಕಾಣಲೆಂದೇ ಪ್ರತಿದಿನವೂ ಅಥೆನ್ಸಿನಿಂದ ಬಸ್ಸುಗಳು ಹೊರಡುತ್ತವೆ.

ಈ ಕಡಲಿಗೆ ಹೆಸರು ಬಂದುದು ಒಬ್ಬ ತಂದೆಯ ದುಃಖದಿಂದ ಎಂಬುದು ಪುರಾಣ. ಅಥೆನ್ಸಿನ ಅರಸ ಏಜಿಯಸ್ಸನ ಮಗ ಥೀಸಿಯಸ್, ನರಬಲಿ ಬೇಡುತ್ತಿದ್ದ ಗೂಳಿಮೊಗದ ರಾಕ್ಷಸನನ್ನು ಕೊಲ್ಲಲು ಕ್ರೀಟ್ ದ್ವೀಪಕ್ಕೆ ಹೋದ. ಗೆದ್ದರೆ ಬಿಳಿಯ ಹಾಯಿ ಏರಿಸಿ ಮರಳುವೆನೆಂದು ಮಾತು ಕೊಟ್ಟಿದ್ದ. ಗೆದ್ದ, ಆದರೆ ಹಾಯಿಯನ್ನು ಬದಲಿಸಲು ಮರೆತ. ಕಪ್ಪು ಹಾಯಿಯನ್ನು ಕಂಡ ಮುದುಕ ತಂದೆ ಸೂನಿಯನ್ನಿನಿಂದ ಕಡಲಿಗೆ ಧುಮುಕಿದ. ಅವನು ಹಾರಿದುದು ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದಿಂದ ಎನ್ನುವವರೂ ಉಂಟು. ಆದರೆ ಅಲ್ಲಿಂದ ಹಾರಿದವನು ನೀರನ್ನು ಮುಟ್ಟಲಾರ!

ಮಗನ ಹಡಗಿಗಾಗಿ ದಡದಲ್ಲಿ ಕಾಯುವುದು ಈ ತೀರದಲ್ಲಿ ಪುರಾಣಕ್ಕೇ ಮುಗಿದ ಕಥೆಯಲ್ಲ. ಅದಕ್ಕೆ ಕಾರಣ ಪ್ರವಾಸಿಗರು ಮನಸೋಲುವ ಆ ನೀಲಿಯಲ್ಲಿಯೇ ಅಡಗಿದೆ. ದಕ್ಷಿಣ ಏಜಿಯನ್ನಿನ ನೀರಿನಲ್ಲಿ ಪೋಷಕಾಂಶಗಳು ಬಲು ಕಡಮೆ. ಆದ್ದರಿಂದ ಕಣ್ಣಿಗೆ ಕಾಣದ ಜಲಸಸ್ಯಗಳೂ ಕಡಮೆ. ಅವನ್ನು ನಂಬಿ ಬಾಳುವ ಮೀನುಗಳೂ ವಿರಳ. ಹಸುರಿನ ಛಾಯೆ ಬೆರೆಯದ ನೀರು ತಳದ ಬೆಣಚುಗಲ್ಲು ತೋರುವಷ್ಟು ತಿಳಿಯಾಗಿರುತ್ತದೆ. ಅಂದರೆ ಆ ಚೆಲುವು ಕಡಲಿನ ಬಡತನದ ಬಣ್ಣ. ದ್ವೀಪಗಳ ನೆಲವೂ ಕಲ್ಲುನೆಲ, ಮಳೆಯೂ ಅಲ್ಪ. ಹೊಟ್ಟೆಪಾಡಿಗೆ ಉಳಿದುದೊಂದೇ: ಸ್ಪಂಜು.

ಬಂಡೆಗೆ ಅಂಟಿಕೊಂಡು ಬಾಳುವ ಈ ಜಲಪ್ರಾಣಿಯನ್ನು ಕಿತ್ತು ತರುವುದರಲ್ಲಿ ತುರ್ಕಿಯ ಕರಾವಳಿಗೆ ಸಮೀಪದ ಕಲಿಮ್ನೋಸ್ ಮತ್ತು ಸಿಮಿ ದ್ವೀಪದವರು ಎತ್ತಿದ ಕೈ. ಹಿಂದೆ ಅವರು ಬರಿಮೈಯಲ್ಲಿ, ಚಪ್ಪಟೆ ಕಲ್ಲೊಂದನ್ನು ಕೈಯಲ್ಲಿ ಹಿಡಿದು, ಒಂದೇ ಉಸಿರಿನಲ್ಲಿ ಮುಳುಗುತ್ತಿದ್ದರು. ೧೮೬೦ರ ದಶಕದಲ್ಲಿ ಲೋಹದ ಶಿರಸ್ತ್ರಾಣವೂ ಗಾಳಿಯ ಕೊಳವೆಯೂ ಉಳ್ಳ ಉಡುಪು ಬಂದಿತು. ಇನ್ನೂ ಆಳಕ್ಕೆ ಇಳಿಯಬಹುದು, ಹೆಚ್ಚು ಹೊತ್ತು ನಿಲ್ಲಬಹುದು! ವ್ಯಾಪಾರ ಬೆಳೆಯಿತು, ಬಂದರಿನಲ್ಲಿ ವರ್ತಕರ ಮಹಡಿಮನೆಗಳು ಎದ್ದವು. ಅದರೊಡನೆಯೇ ಹರೆಯದ ಗಂಡಸರು ಕಾಲಿನ ಸ್ವಾಧೀನ ಕಳೆದುಕೊಂಡು ಮರಳತೊಡಗಿದರು. ಕೆಲವರು ಮರಳಲೇ ಇಲ್ಲ.

ಆಳದ ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕವು, ಮುಳುಗಿದವನು ಅವಸರದಿಂದ ಮೇಲೇರಿದರೆ, ಗೋಲಿ ಒತ್ತಿದ ಸೋಡಾ ಸೀಸೆಯಲ್ಲಿ ಏಳುವ ಗುಳ್ಳೆಗಳಂತೆ ಮೈಯೊಳಗೇ ಬಿಡುಗಡೆಯಾಗುತ್ತದೆ. ನರಮಂಡಲವನ್ನು ಅದು ಘಾತಿಸಬಲ್ಲುದು. ಫ್ರಾನ್ಸಿನ ಶರೀರಶಾಸ್ತ್ರಜ್ಞ ಪಾಲ್ ಬೆರ್ ಇದನ್ನು ೧೮೭೮ರಲ್ಲಿಯೇ ವಿವರಿಸಿದ್ದ. ಆದರೆ ಗ್ರಂಥದಲ್ಲಿದ್ದ ಆ ಅರಿವು ದೋಣಿಯನ್ನು ಹತ್ತಲು ತಡವಾಯಿತು.

ಎಷ್ಟು ತಡವೆಂಬುದಕ್ಕೆ ಒಂದು ಪ್ರಸಿದ್ಧ ಸಾಕ್ಷ್ಯವುಂಟು. ೧೯೦೦ರಲ್ಲಿ ಸಿಮಿಯ ಸ್ಪಂಜುಗಾರರು ಕ್ರೀಟಿನ ವಾಯವ್ಯಕ್ಕಿರುವ ಆಂಟಿಕಿಥೆರಾ ದ್ವೀಪದ ಬಳಿ ತಂಗಿದ್ದರು. ನೀರಿಗಿಳಿದ ಎಲಿಯಾಸ್ ಸ್ಟಾಡಿಯಾಟಿಸ್ ಎಂಬವನು ಬೆದರಿ ಮೇಲೆ ಬಂದು, ತಳದಲ್ಲಿ ಹೆಣಗಳ ರಾಶಿಯಿದೆಯೆಂದ. ನಾವಿಕನಾಯಕ ಕೊಂಡೋಸ್ ತಾನೇ ಮುಳುಗಿ ನೋಡಿದ. ಅವು ಹೆಣಗಳಲ್ಲ, ಎರಡು ಸಾವಿರ ವರ್ಷಗಳ ಹಿಂದೆ ಮುಳುಗಿದ ಹಡಗಿನ ಪ್ರತಿಮೆಗಳು. ಮುಂದಿನ ತಿಂಗಳುಗಳಲ್ಲಿ ಅವರು ಎತ್ತಿ ತಂದ ಸಂಪತ್ತಿನಲ್ಲಿ, ಗ್ರಹಣಗಳನ್ನೂ ಮುಂತಿಳಿಸಬಲ್ಲ ಹಲ್ಲುಚಕ್ರಗಳ ಕಂಚಿನ ಯಂತ್ರವೂ ಇದ್ದಿತು. ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿ ಗಾಜಿನ ಹಿಂದಿರುವ ಅದರ ಚೂರುಗಳನ್ನು ಲೋಕವೇ ಬಂದು ನೋಡುತ್ತದೆ. ಅದನ್ನು ಎತ್ತುವ ಕಾರ್ಯದಲ್ಲಿ ಒಬ್ಬ ಸತ್ತ, ಇಬ್ಬರು ಪಾರ್ಶ್ವವಾಯುಪೀಡಿತರಾದರು.

ಈಗ ಕಲಿಮ್ನೋಸಿಗೆ ಹೋಗಬಯಸುವವರು ಅಥೆನ್ಸಿನ ರೇವಾದ ಪಿರಿಯಸ್ಸಿನಲ್ಲಿ ಹಡಗು ಹತ್ತಬೇಕು. ಒಂದು ರಾತ್ರಿಯ ಪಯಣವಾದೀತು. ಜುಲೈ, ಆಗಸ್ಟಿನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸಿ ಕಡಲು ಒರಟಾಗುವುದರಿಂದ ಮೇ ಅಥವಾ ಸೆಪ್ಟೆಂಬರೇ ಲೇಸು. ೧೯೮೬ರಲ್ಲಿ ರೋಗ ತಗುಲಿ ಅಲ್ಲಿಯ ಸ್ಪಂಜುಗಳು ಬಹುಮಟ್ಟಿಗೆ ನಾಶವಾದವು. ಕೃತಕ ಸ್ಪಂಜು ಅದಕ್ಕೂ ಮೊದಲೇ ಪೇಟೆಯನ್ನು ಹಿಡಿದಿತ್ತು. ಇಂದು ಆ ದ್ವೀಪದ ಸುಣ್ಣಗಲ್ಲಿನ ಕಡಿದಾದ ಬಂಡೆಗಳನ್ನು ಏರಲು ದೇಶವಿದೇಶಗಳ ತರುಣ ತರುಣಿಯರು ನೆರೆಯುತ್ತಾರೆ.

ಹಿಂದಿನವರು ದ್ವೀಪದಿಂದ ಹೊರಡುತ್ತಿದ್ದುದು ಈಸ್ಟರ್ ಹಬ್ಬ ಕಳೆದ ಮೇಲೆ. ಆಫ್ರಿಕದ ತೀರದವರೆಗೂ ಹೋಗಿ ಮರಳುತ್ತಿದ್ದುದು ಶರತ್ಕಾಲಕ್ಕೆ. ಅಷ್ಟು ತಿಂಗಳೂ ಮನೆಯವರ ಕಣ್ಣು ಕಡಲಿನ ಮೇಲೆ. ಹಬ್ಬಗಳಲ್ಲಿ ಅಲ್ಲಿ ಈಗಲೂ ಒಂದು ಕುಣಿತವುಂಟು. ಸಾಲಿನ ಮೊದಲಿಗ ಊರುಗೋಲು ಹಿಡಿದು, ಕಾಲು ನಡುಗಿಸುತ್ತ ತಡವರಿಸುತ್ತಾನೆ. ಉಳಿದವರು ಕೈಕೈ ಹಿಡಿದು, ತಾಳ ತಪ್ಪದೆ, ಅವನ ಹಿಂದೆ ಹೆಜ್ಜೆಯಿಡುತ್ತಾರೆ.