ವಿದ್ಯುಚ್ಛಕ್ತಿಯಿಂದ ಓಡುವ ಮೋಟಾರು ಗಾಡಿಗಳು

ವಿದ್ಯುಚ್ಛಕ್ತಿಯ ಮೋಟಾರು ಗಾಡಿಯು ಈ ಕಾಲದ ಹೊಸ ಸೃಷ್ಟಿಯೆಂದು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಎಣಿಸಿರುವರು. ಅದು ಸರಿಯಲ್ಲ. ನೂರು ವರ್ಷಗಳಿಗೂ ಹಿಂದೆ ಅಮೆರಿಕದ ಪಟ್ಟಣಗಳಲ್ಲಿ ಇಂತಹ ಗಾಡಿಗಳು ಸಂಚರಿಸುತ್ತಿದ್ದವು. ಸ್ತ್ರೀಯರಿಗಂತೂ ಅವು ಬಹು ಮೆಚ್ಚಿಗೆಯಾಗಿದ್ದವು. ಆಗಿನ ಪೆಟ್ರೋಲು ಗಾಡಿಯನ್ನು ಚಾಲನೆಗೆ ತರಲು ಅದರ ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ಬಲವಾಗಿ ತಿರುಗಿಸಬೇಕಾಗಿತ್ತು. ಅದು ಹಿಂದಕ್ಕೆ ಒದೆದರೆ ಕೈ ಮುರಿಯುವ ಭಯವೂ ಉಂಟು. ಪೆಟ್ರೋಲು ಗಾಡಿಗಳನ್ನು ಲಕ್ಷಗಟ್ಟಲೆ ನಿರ್ಮಿಸಿದ ಹೆನ್ರಿ ಫೋರ್ಡರ ಪತ್ನಿ ಕ್ಲಾರಾ ಅವರೇ 'ಡೆಟ್ರಾಯಿಟ್ ಎಲೆಕ್ಟ್ರಿಕ್' ಎಂಬ ವಿದ್ಯುತ್ ಗಾಡಿಯನ್ನು ನಡೆಸುತ್ತಿದ್ದರು. 1912ರಲ್ಲಿ ಕೆಟರಿಂಗ್ ಎಂಬವರು ರಚಿಸಿದ ಸ್ಟಾರ್ಟರು ಕ್ಯಾಡಿಲಾಕ್ ಗಾಡಿಗೆ ಬಂದಿತು. ಹಿಡಿ ತಿರುಗಿಸುವ ಕಷ್ಟವು ತೀರಿ, ವಿದ್ಯುತ್ ಗಾಡಿಯು ಕ್ರಮೇಣ ಮೂಲೆ ಸೇರಿತು. ಅದನ್ನು 'ಸ್ತ್ರೀಯರ ಗಾಡಿ' ಎಂದು ಕರೆದುದರಲ್ಲಿ, ಪೇಟೆಗೆ ಹೋಗಿ ಬರುವಷ್ಟು ದೂರವೇ ಸ್ತ್ರೀಯರಿಗೆ ಸಾಕೆಂಬ ಎಣಿಕೆಯೂ ಅಡಗಿತ್ತೆಂದು ನನಗೆ ತೋರುತ್ತದೆ. ಇದಕ್ಕೆ ನಾನು ಒಪ್ಪಲಾರೆ.

ನಮ್ಮ ನಾಡಿನಲ್ಲಿ 2001ರಲ್ಲಿ ಬೆಂಗಳೂರಿನಿಂದ 'ರೇವಾ' ಎಂಬ ಪುಟ್ಟ ಗಾಡಿಯು ಹೊರಟಿತು. ಎರಡೇ ಬಾಗಿಲು, ಹಿಂದಿನ ಆಸನವು ಮಕ್ಕಳಿಗೆ ಮಾತ್ರ. ಸೀಸದ ಬಾಟರಿಗಳನ್ನು ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರು ನಡೆಯುವುದು. ಲಂಡನ್ನಿನ ಬೀದಿಗಳಲ್ಲಿಯೂ ಅದು 'ಜಿ-ವಿಜ್' ಎಂಬ ಹೆಸರಿನಿಂದ ಓಡಿತು. ಈಗಿನ ಗಾಡಿಗಳಲ್ಲಿ ಲಿಥಿಯಮ್ ಬಾಟರಿಗಳಿರುವುದರಿಂದ ಅವು ಇದರ ಹಲವು ಪಟ್ಟು ದೂರ ಹೋಗಬಲ್ಲವು.

ಇವುಗಳಲ್ಲಿ ಕುಳಿತವರಿಗೆ ಮೊದಲು ತಿಳಿಯುವುದು ನಿಶ್ಶಬ್ದ. ನಡುಕವಿಲ್ಲ, ಪೆಟ್ರೋಲಿನ ವಾಸನೆಯಿಲ್ಲ, ಕ್ಲಚ್ಚಿಲ್ಲ. ಕಾಲನ್ನು ಮೇಲೆತ್ತಿದೊಡನೆ ಗಾಡಿಯು ತಾನಾಗಿ ನಿಧಾನಿಸುವುದು. ಆಗ ಮೋಟಾರು ಡೈನಮೋವಾಗಿ ಮಾರ್ಪಟ್ಟು, ಚಕ್ರಗಳ ವೇಗವನ್ನೇ ವಿದ್ಯುತ್ತಾಗಿಸಿ ಬಾಟರಿಗೆ ಹಿಂದಿರುಗಿಸುತ್ತದೆ. ಚಾರ್ಮಾಡಿ ಘಟ್ಟವನ್ನು ಹತ್ತುವಾಗ ಬೇಗನೆ ಇಳಿಯುವ ಅಂಕೆಯು, ಘಟ್ಟವನ್ನಿಳಿಯುವಾಗ ಕೊಂಚ ಏರುವುದು ಇದರಿಂದಲೇ. ಆದರೆ ಮೇಲೆಯೇ ಬಾಟರಿಯು ತುಂಬಿದ್ದರೆ, ಈ ಶಕ್ತಿಯನ್ನು ಇಡಲು ಸ್ಥಳವಿರದು.

ಗಾಡಿಯ ಒಡೆಯರಿಗೆ ಲೆಕ್ಕದ ಅಭ್ಯಾಸವು ತಾನಾಗಿ ಬರುವುದು. 15 ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ಟು ದೊರೆಯುತ್ತದೆ. 30 ಯೂನಿಟ್ಟಿನ ಬಾಟರಿಗೆ ರಾತ್ರಿಯೆಲ್ಲಾ ಬೇಕು. ಆದರೆ ಪ್ರತಿದಿನ ಬರಿದು ಮಾಡುವವರಾರು? ಒಂದು ಯೂನಿಟ್ಟಿಗೆ ಆರು ಕಿಲೋಮೀಟರೆಂದು ಇಟ್ಟುಕೊಂಡರೆ, ದಿನಕ್ಕೆ 30 ಕಿಲೋಮೀಟರು ಓಡಾಡುವ ಉಪಾಧ್ಯಾಯಿನಿಗೆ ಐದು ಯೂನಿಟ್ಟು, ಅಂದರೆ ಎರಡು ಗಂಟೆಯೊಳಗಿನ ಕೆಲಸ. ತಂಪು ಮಾಡುವ ಯಂತ್ರ, ಏರುದಾರಿ, ಅತಿವೇಗ ಇವು ಈ ಲೆಕ್ಕವನ್ನು ಕೆಡಿಸುವವು. ಹಳೆಯ ಮನೆಗಳಲ್ಲಿ ನೆಲಕ್ಕೆ ಸೇರುವ ಅರ್ಥ್ ತಂತಿಯು ಸರಿಯಾಗಿದೆಯೇ ಎಂದು ತಿಳಿದವರಿಂದ ಪರೀಕ್ಷಿಸದೆ ಪ್ಲಗ್ಗನ್ನು ಉಪಯೋಗಿಸಬಾರದು. ಇದರಲ್ಲಿ ಮಿತವ್ಯಯ ಸಲ್ಲದು.

ಇಂತಹ ಗಾಡಿಯು ಹೊಗೆಯನ್ನು ಇಲ್ಲವಾಗಿಸುವುದೆಂದು ಹೇಳುವುದು ಅರ್ಧ ಸತ್ಯ. ಮನೆಯ ವಿದ್ಯುತ್ತು ಶರಾವತಿಯ ನೀರಿನಿಂದಲೂ ಬರುವುದು, ರಾಯಚೂರಿನ ಕಲ್ಲಿದ್ದಲಿನಿಂದಲೂ ಬರುವುದು. ಆದರೂ ಮಕ್ಕಳ ಮೂಗಿನ ಮಟ್ಟದಲ್ಲಿ ಹೊಗೆಯಿಲ್ಲದಿರುವುದು ಸಣ್ಣ ಲಾಭವಲ್ಲ.

ಮಾಳಿಗೆಗಳ ಮೇಲೆ ವಾಸಿಸಿ, ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸುವವರಿಗೆ ಪ್ಲಗ್ಗೆಲ್ಲಿ? ಅಂಥವರಿಗೂ, ಗೊತ್ತಿಲ್ಲದ ದೂರಗಳಿಗೆ ಹೊರಡಬೇಕಾದವರಿಗೂ ಹೈಬ್ರಿಡ್ ಎಂಬ ಮಿಶ್ರ ಗಾಡಿಯು ಅನುಕೂಲ. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಈ ಬಗೆಯನ್ನು ಪ್ರಸಿದ್ಧಿಗೆ ತಂದಿತು. ನಮ್ಮ ಬಿಡದಿಯಲ್ಲಿಯೂ ಇಂಥವು ತಯಾರಾಗಿವೆ. ಜನಸಂದಣಿಯಲ್ಲಿ ಮೋಟಾರು ಎಳೆಯುವುದು, ವೇಗವೇರಿದಾಗ ಪೆಟ್ರೋಲು ಎಂಜಿನು ಕೈಗೂಡುವುದು. ಹೊರಗಿನಿಂದ ವಿದ್ಯುತ್ ತುಂಬಿಸುವ ತೊಂದರೆ ಈ ಸಾಧಾರಣ ಬಗೆಯಲ್ಲಿಲ್ಲ; ಪೆಟ್ರೋಲಿನ ಹಂಗು ಮಾತ್ರ ಪೂರ್ಣವಾಗಿ ತಪ್ಪದು.

ಶಾಲೆಯವರಾದ ನಮ್ಮನ್ನು ಮುಟ್ಟುವ ಮಾತೊಂದಿದೆ. ಒಳಗೆ ಕುಳಿತವರಿಗೆ ಹಿತವಾದ ನಿಶ್ಶಬ್ದವು ಬೀದಿಯಲ್ಲಿ ನಡೆಯುವವರಿಗೆ, ವಿಶೇಷವಾಗಿ ಕಣ್ಣು ಕಾಣದವರಿಗೆ, ಅಪಾಯಕರ. ಆದಕಾರಣ ಯೂರೋಪಿನ ಒಕ್ಕೂಟದಲ್ಲಿ 2021ರಿಂದ ಮಾರಾಟಕ್ಕೆ ಬರುವ ಹೊಸ ವಿದ್ಯುತ್ ಗಾಡಿಗಳೆಲ್ಲವೂ ಮಂದಗತಿಯಲ್ಲಿ ಎಚ್ಚರಿಕೆಯ ಧ್ವನಿಯನ್ನು ಹೊರಡಿಸಬೇಕೆಂಬ ನಿಯಮವಿದೆ. ಸಂಜೆಯ ಗಂಟೆ ಬಾರಿಸಿದ ಮೇಲೆ ಮಾತಾಡುತ್ತಾ ರಸ್ತೆಯನ್ನು ದಾಟುವ ನಮ್ಮ ಬಾಲಿಕೆಯರು ಇದುವರೆಗೆ ಕಿವಿಯನ್ನೇ ನಂಬಿದ್ದರು. ಇನ್ನು ಮುಂದೆ ನಿಂತು, ಎರಡೂ ಕಡೆ ನೋಡಿ ದಾಟತಕ್ಕದ್ದು. ಮಕ್ಕಳನ್ನು ಕರೆದುಕೊಂಡು ಹೋಗಲು ಇಂತಹ ಗಾಡಿಗಳಲ್ಲಿ ಬರುವ ತಂದೆತಾಯಿಗಳು ಅವನ್ನು ಗೇಟಿನಿಂದ ದೂರದಲ್ಲಿಯೇ ನಿಲ್ಲಿಸಬೇಕಾಗಿ ವಿನಂತಿ.