ಉತ್ತರಕ್ಕೆ ಮುಖ ಮಾಡಿ

ಮೇ ತಿಂಗಳಲ್ಲಿ ಯೋನ್‌ಶೋಪಿಂಗ್‌ನಲ್ಲಿ ದೂರದರ್ಶಕ ಕೊಂಡವರು ಆಗಸ್ಟ್‌ವರೆಗೆ ಅದರ ಪೆಟ್ಟಿಗೆ ನೋಡುತ್ತ ಕೂರಬೇಕಾದೀತು. ಸುಮಾರು 58 ಡಿಗ್ರಿ ಉತ್ತರ ಅಕ್ಷಾಂಶದ ಈ ಸ್ವೀಡಿಷ್ ಊರಿನಲ್ಲಿ ಜೂನ್ ನಡುರಾತ್ರಿಗೂ ಸೂರ್ಯ ದಿಗಂತದ ಕೆಳಗೆ ಇಳಿಯುವುದು ಒಂಬತ್ತೇ ಡಿಗ್ರಿ. ಆಕಾಶ ಪೂರ್ತಿ ಕಪ್ಪಾಗಲು 18 ಬೇಕು. ಆ ಮಬ್ಬಿನಲ್ಲೂ ಒಂದು ಸೊಗಸಿದೆ: 80 ಕಿ.ಮೀ.ಗೂ ಎತ್ತರದಲ್ಲಿ, ಮುಳುಗಿದ ಸೂರ್ಯನ ಬೆಳಕು ಹಿಡಿದು ಬೆಳ್ಳಿನೀಲಿಯಾಗಿ ಹೊಳೆಯುವ ಹಿಮಕಣಗಳ ಮೋಡ.

ಆಗಸ್ಟ್ ನಡುವಿಗೆ ನಿಜವಾದ ಕತ್ತಲೆ ಮರಳುತ್ತದೆ. ಅದೇ ಹೊತ್ತಿಗೆ, 12–13ರ ರಾತ್ರಿ, ಪರ್ಸಿಯಿಡ್ ಉಲ್ಕಾವೃಷ್ಟಿ. ನಮ್ಮೂರಲ್ಲಿ ಆಗ ಮಳೆಗಾಲದ ಮೋಡ. ಹೆಸರು ಕೇಳಿದವರೇ ಹೆಚ್ಚು, ಕಂಡವರು ಕಡಿಮೆ. ಇಲ್ಲಿ ಚಾಪೆ, ಕಂಬಳಿ, ಫ್ಲಾಸ್ಕ್ ತುಂಬ ಕಾಫಿ ಇದ್ದರಾಯಿತು.

ನಿಲ್ಲುವುದೆಲ್ಲಿ? ಊರು ವೆಟ್ಟರ್ನ್ ಸರೋವರದ ದಕ್ಷಿಣ ತುದಿಯಲ್ಲಿದೆ. ದಂಡೆಯಲ್ಲಿ ಉತ್ತರಕ್ಕೆ ಮುಖ ಮಾಡಿದರೆ ಬೀದಿದೀಪಗಳು ಬೆನ್ನಿಗೆ, ಎದುರಿಗೆ ನೂರು ಕಿ.ಮೀ.ಗೂ ಉದ್ದದ ಕಪ್ಪು ನೀರು. ಇನ್ನೂ ಗಾಢ ಕತ್ತಲೆ ಬೇಕೆಂದರೆ ದಕ್ಷಿಣಕ್ಕೆ, ಸ್ಟೋರೆ ಮೊಸ್ಸೆ ರಾಷ್ಟ್ರೀಯ ಉದ್ಯಾನದ ಜೌಗು ಬಯಲಿಗೆ ಹೋಗಬೇಕು. ಮನೆಯಂಗಳ, ಬೆಳೆ ಬಿಟ್ಟು ಬೇರೆಯವರ ಜಮೀನಿನಲ್ಲೂ ಓಡಾಡುವ ಹಕ್ಕನ್ನು ಸ್ವೀಡನ್ ಎಲ್ಲರಿಗೂ ಕೊಟ್ಟಿದೆ. ನಮ್ಮ ಹಳ್ಳಿಗಳಲ್ಲಿ ಇಂಥ ನಿಶಾಚರರನ್ನು ಮೊದಲು ವಿಚಾರಿಸಿಕೊಳ್ಳುವುದು ಬೀದಿನಾಯಿಗಳು.

ಬೆಂಗಳೂರಿನಲ್ಲಿ 13 ಡಿಗ್ರಿ ಎತ್ತರದಲ್ಲಿ ಕಟ್ಟಡಗಳ ಹಿಂದೆ ಮರೆಯಾಗುವ ಧ್ರುವ ಇಲ್ಲಿ 58 ಡಿಗ್ರಿ ಮೇಲಿದ್ದಾನೆ. ಸಪ್ತರ್ಷಿಗಳು ಮುಳುಗುವುದೇ ಇಲ್ಲ. ಮದುವೆ ಮನೆಯಲ್ಲಿ ಪುರೋಹಿತರು ಹಾಡಹಗಲೇ ಬೊಟ್ಟು ಮಾಡಿ ತೋರಿಸಿ, ವಧೂವರರು ವಿಧೇಯರಾಗಿ ‘ಕಂಡೆವು’ ಎನ್ನುವ ಅರುಂಧತಿ, ತಿಳಿಯಾದ ಯಾವ ಕತ್ತಲ ರಾತ್ರಿಯಲ್ಲೂ ಇಲ್ಲಿ ವಸಿಷ್ಠನ ಪಕ್ಕದಲ್ಲಿ ನಿಜಕ್ಕೂ ಕಾಣುತ್ತಾಳೆ. ಧ್ರುವನ ಆಚೆ ಬದಿಗೆ ಡಬ್ಲ್ಯು ಆಕಾರದ ಕ್ಯಾಸಿಯೋಪಿಯಾ. 1572ರ ನವೆಂಬರ್ 11ರಂದು ಟೈಕೊ ಬ್ರಾಹೆ ಅಲ್ಲಿ ಹೊಸ ನಕ್ಷತ್ರವೊಂದನ್ನು ಕಂಡದ್ದು ಹೆರ್ರೆವಾಡ್‌ನಿಂದ. ಅಂದು ಅದು ಡೆನ್ಮಾರ್ಕ್, ಇಂದು ದಕ್ಷಿಣ ಸ್ವೀಡನ್. ದೂರದರ್ಶಕ ಇನ್ನೂ ಹುಟ್ಟಿರಲಿಲ್ಲ.

ಹಾಗಾಗಿ ಮೊದಲ ಚಳಿಗಾಲ ಬರಿಗಣ್ಣಿಗೇ ಮೀಸಲಿರಲಿ ಎಂಬುದು ನನ್ನ ಹಟ. ಆಮೇಲೆ 10×50 ಬೈನಾಕ್ಯುಲರ್: ಗುರುವಿನ ಚಂದ್ರರು, ಕೃತ್ತಿಕೆ, ನೆತ್ತಿಯ ಹತ್ತಿರಕ್ಕೇ ಬರುವ 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ. ಡಿಸೆಂಬರ್‌ನಲ್ಲಿ ಮೂರೂವರೆ ಸುಮಾರಿಗೇ ಸೂರ್ಯ ಮುಳುಗುವುದರಿಂದ, ಮೋಡ ಬಿಟ್ಟುಕೊಟ್ಟರೆ, ಮಕ್ಕಳ ಊಟದ ಹೊತ್ತಿಗೆ ಒಂದು ಸುತ್ತು ಮುಗಿಯುತ್ತದೆ.

ಕಳೆದುಕೊಳ್ಳುವುದೂ ಉಂಟು. ವೃಶ್ಚಿಕದ ಜ್ಯೇಷ್ಠಾ ಆರು ಡಿಗ್ರಿಗಿಂತ ಮೇಲೇರದು. ಅಗಸ್ತ್ಯ ಇಲ್ಲಿ ಉದಯಿಸುವುದೇ ಇಲ್ಲ. ಬದಲಿಗೆ ಧ್ರುವಪ್ರಭೆಯಿದೆ, ಅದೂ ಸೌರ ಬಿರುಗಾಳಿ ಜೋರಾದಾಗ ಮಾತ್ರ. ಸರೋವರದ ಮೇಲೆ ಬೂದು ಪಟ್ಟಿಯೇನಾದರೂ ಕಂಡರೆ ಫೋನನ್ನು ಅಲುಗದಂತೆ ಇಟ್ಟು ಕೆಲವು ಸೆಕೆಂಡುಗಳ ಚಿತ್ರ ತೆಗೆಯಿರಿ. ಹಸಿರು ಬಂದರೆ ಅದೇ. 2024ರ ಮೇ 10ರ ರಾತ್ರಿಯ ಬಿರುಗಾಳಿಗಂತೂ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ.